ಕಬ್ಬಿಣದ ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಕರಗಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಹಾಸನದ ಕಡೆ ಈ ವಿಷಯ ಕೇಳಿಕೊಂಡು ಬರುವವರಲ್ಲಿ ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ಹುಡುಗರು ಇರುತ್ತಾರೆ, ಸಣ್ಣ ಫೌಂಡ್ರಿ ನಡೆಸುವವರು ಇರುತ್ತಾರೆ. ಹಿಂದಿನವರು ಕಬ್ಬಿಣ ತೆಗೆಯುತ್ತಿದ್ದ ಮಣ್ಣಿನ ಕುಲುಮೆಯನ್ನು ಮತ್ತೆ ಕಟ್ಟಿ ನೋಡಬೇಕು ಅನ್ನುವ ಆಸೆ ಇರುವವರೂ ಇದ್ದಾರೆ. ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಯಾವ ಮಾತು ಯಾವ ಕುಲುಮೆಗೆ ಅನ್ನುವುದನ್ನು ಅಲ್ಲಲ್ಲೇ ಹೇಳಿದ್ದೇನೆ.

ಪುಡಿ ಅದಿರನ್ನು ಹಾಗೇ ಕುಲುಮೆಗೆ ಸುರಿದರೆ ಏನು ತೊಂದರೆ?

ಗಾಳಿ ಓಡಾಡುವುದಿಲ್ಲ. ಅದಿರಿನಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಸೇರಿಕೊಂಡಿರುತ್ತದೆ. ಆ ಆಮ್ಲಜನಕವನ್ನು ಕಿತ್ತುಕೊಳ್ಳುವುದು ಇದ್ದಿಲು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲ. ಅನಿಲ ಕೆಳಗಿನಿಂದ ಮೇಲಕ್ಕೆ ಏರುತ್ತಾ ಪ್ರತಿ ಚೂರು ಅದಿರನ್ನೂ ಮುಟ್ಟಬೇಕು. ಪುಡಿ ಸುರಿದರೆ ಅದು ಇದ್ದಿಲಿನ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. ಉರಿಯುವ ಒಲೆಯ ಮೇಲೆ ಬೂದಿ ಸುರಿದ ಹಾಗೆ ಆಗುತ್ತದೆ. ಅನಿಲ ಎಲ್ಲೋ ಒಂದು ಮೂಲೆಯಲ್ಲಿ ದಾರಿ ಮಾಡಿಕೊಂಡು ಹೊರಗೆ ಹೋಗಿಬಿಡುತ್ತದೆ, ಉಳಿದ ಅದಿರು ಕಪ್ಪಗೆ ಹಾಗೇ ಕೂತಿರುತ್ತದೆ. ದೊಡ್ಡ ಕಾರ್ಖಾನೆಯ ಬ್ಲಾಸ್ಟ್ ಫರ್ನೇಸ್‌ನಲ್ಲಿ, ಅಂದರೆ ಜೋರಾಗಿ ಗಾಳಿ ಊದಿ ಅದಿರು ಕರಗಿಸುವ ಎತ್ತರದ ಕುಲುಮೆಯಲ್ಲಿ, ಗಾಳಿಯ ಒತ್ತಡ ಜಾಸ್ತಿ. ಅಲ್ಲಿ ಪುಡಿಯ ಒಂದು ಪಾಲು ಅನಿಲದ ಜೊತೆ ಮೇಲಕ್ಕೆ ಹಾರಿಯೇ ಹೋಗುತ್ತದೆ.

ಅದಕ್ಕೇ ಪುಡಿಯನ್ನು ಉಂಡೆ ಕಟ್ಟುವುದು. ಬಹಳ ಜನ ಇದನ್ನು ಅದಿರನ್ನು ಗಟ್ಟಿ ಮಾಡುವ ಕೆಲಸ ಅಂದುಕೊಂಡಿದ್ದಾರೆ. ಗಟ್ಟಿತನ ಬೇಕು, ನಿಜ. ಆದರೆ ಅದು ಗಾಳಿಯ ದಾರಿ ಮುಚ್ಚಿಹೋಗದೆ ಇರಲಿ ಅಂತ. ಅನಿಲ ಉಂಡೆಯ ಸುತ್ತ ಓಡಾಡಬೇಕು, ಉಂಡೆಯ ಒಳಗೂ ನುಗ್ಗಬೇಕು. ಮುಂದಿನ ಉತ್ತರಗಳೆಲ್ಲ ಈ ಒಂದು ವಿಷಯದ ಸುತ್ತಲೇ ಇವೆ.

ಎಷ್ಟು ಸಣ್ಣದಿದ್ದರೆ ಪುಡಿ ಅನ್ನುತ್ತಾರೆ?

ನಮ್ಮ ದೇಶದ ಗಣಿ ವ್ಯಾಪಾರದಲ್ಲಿ 10 ಮಿ.ಮೀ.ಗಿಂತ ಸಣ್ಣದನ್ನು ಫೈನ್ಸ್ ಅನ್ನುತ್ತಾರೆ, ಅದಕ್ಕಿಂತ ದೊಡ್ಡದು ಲಂಪ್. ಮನೆಮಟ್ಟದ ಸಣ್ಣ ಕುಲುಮೆಗೆ ಈ ಲೆಕ್ಕ ಬೇಡ. ಅಲ್ಲಿ 5 ಮಿ.ಮೀ. ಚೂರು ಒಳ್ಳೆಯ ಗಾತ್ರವೇ. ಸಕ್ಕರೆ ಹರಳಿಗಿಂತ ಸಣ್ಣಗಿದ್ದರೆ ಮಾತ್ರ ಉಂಡೆಯ ಯೋಚನೆ ಮಾಡಿ.

ಪೆಲೆಟ್, ಸಿಂಟರ್, ಬ್ರಿಕೆಟ್ ಎಲ್ಲಾ ಒಂದೇ ಅಲ್ವಾ?

ಅಲ್ಲ. ಮೂರರ ಉದ್ದೇಶ ಒಂದೇ, ದಾರಿ ಬೇರೆ.

ಸಿಂಟರ್ ಮಾಡುವಾಗ ಪುಡಿ ಅದಿರಿಗೆ ಕೋಕ್ (ಸುಟ್ಟು ಹೊಗೆ ತೆಗೆದ ಕಲ್ಲಿದ್ದಲು) ಪುಡಿ, ಸುಣ್ಣದ ಕಲ್ಲಿನ ಪುಡಿ ಬೆರೆಸಿ, ಚಲಿಸುವ ಜಾಲರಿಯ ಮೇಲೆ ಹರಡಿ, ಮೇಲಿನಿಂದ ಬೆಂಕಿ ಕೊಟ್ಟು ಕೆಳಗಿನಿಂದ ಗಾಳಿ ಎಳೆಯುತ್ತಾರೆ. ಅರೆಬರೆ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆಮೇಲೆ ಅದನ್ನು ಒಡೆದು ಬಳಸುತ್ತಾರೆ.

ಪೆಲೆಟ್‌ಗೆ ಅದಿರು ಹಿಟ್ಟಿನಷ್ಟು ನುಣ್ಣಗಿರಬೇಕು. ನೀರು ಮತ್ತು ಸ್ವಲ್ಪ ಬೆಂಟೊನೈಟ್ ಜೇಡಿ ಸೇರಿಸಿ, ತಿರುಗುವ ಡ್ರಮ್ಮಿನಲ್ಲಿ ಅಥವಾ ತಟ್ಟೆಯಲ್ಲಿ ಉರುಳಿಸಿ, 8ರಿಂದ 16 ಮಿ.ಮೀ. ಗೋಲಿ ಮಾಡಿ, 1250ರಿಂದ 1350 ಡಿಗ್ರಿಯಲ್ಲಿ ಸುಡುತ್ತಾರೆ. ಬೆಂಟೊನೈಟ್ ಶೇಕಡಾ 1ರ ಒಳಗೇ ಸಾಕು.

ಬ್ರಿಕೆಟ್ ಅಂದರೆ ಅಂಟು ಬೆರೆಸಿ ಅಚ್ಚಿನಲ್ಲಿ ಒತ್ತುವುದು. ಸಾಮಾನ್ಯವಾಗಿ ಸುಡುವುದಿಲ್ಲ, ಒಣಗಿಸುತ್ತಾರೆ ಅಷ್ಟೆ. ಅದಿರು ತೀರಾ ನುಣ್ಣಗಿರಬೇಕಾಗಿಲ್ಲ. ಹೊಗೆಯ ಧೂಳು, ರೋಲಿಂಗ್ ಮಿಲ್ಲಿನಲ್ಲಿ ಕಾದ ಕಬ್ಬಿಣದಿಂದ ಉದುರುವ ಪರೆ, ಏನನ್ನು ಬೇಕಾದರೂ ಬೆರೆಸಬಹುದು. ಬಂಡವಾಳ ಕಮ್ಮಿ. ನಮ್ಮಂಥವರ ಕೈಗೆ ಎಟಕುವುದು ಇದೊಂದೇ.

ಕುದುರೆಮುಖದಲ್ಲಿ ಮಾಡುತ್ತಿದ್ದದ್ದು ಬ್ರಿಕೆಟ್ಟಾ?

ಅಲ್ಲ, ಅಲ್ಲಿಂದ ಹೋಗುತ್ತಿದ್ದ ಪುಡಿ ಪೆಲೆಟ್ ಆಗುತ್ತಿತ್ತು. ಆದರೆ ಪುಡಿ ಅದಿರಿನ ಕಥೆ ತಿಳಿಯಬೇಕು ಅಂದರೆ ನಮ್ಮ ಜಿಲ್ಲೆಯ ಕುದುರೆಮುಖಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಅಲ್ಲಿನ ಅದಿರು ಕಡಿಮೆ ದರ್ಜೆಯ ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಪ್ಪು ಅದಿರು. ಬಿಳಿಕಲ್ಲಿನ ಪದರ, ಕಪ್ಪು ಅದಿರಿನ ಪದರ ಒಂದರ ಮೇಲೊಂದು ಇರುವ ಬಂಡೆ. ಅದನ್ನು ಹಾಗೇ ಕುಲುಮೆಗೆ ಹಾಕುವಂತಿಲ್ಲ. ನುಣ್ಣಗೆ ಅರೆದು ಅದಿರನ್ನು ಕಲ್ಲಿನಿಂದ ಬೇರ್ಪಡಿಸಲೇಬೇಕು. ಹಾಗೆ ಬೇರ್ಪಟ್ಟ ಹಿಟ್ಟನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಬೇಡದ ಕಲ್ಲಿನ ಹಿಟ್ಟು ಲಕ್ಯಾ ಅಣೆಕಟ್ಟೆಯ ಹಿಂದೆ ಸೇರುತ್ತಿತ್ತು. ಗಣಿ ನಡೆಸುತ್ತಿದ್ದ ಕಂಪನಿ ಶುರುವಾದದ್ದು 1976ರಲ್ಲಿ, ಇರಾನಿನ ಹಣದ ಭರವಸೆಯ ಮೇಲೆ. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿಯಿತು. ಕೊಂಡುಕೊಳ್ಳುವವರು ಇಲ್ಲದ ಹಿಟ್ಟನ್ನು ಏನು ಮಾಡುವುದು? ಅದನ್ನು ಗೋಲಿ ಮಾಡಿ ಮಾರಲು ಮಂಗಳೂರಿನ ಪಣಂಬೂರಿನಲ್ಲಿ ಪೆಲೆಟ್ ಕಾರ್ಖಾನೆ ಬಂತು. ಅದರ ಸಾಮರ್ಥ್ಯ ವರ್ಷಕ್ಕೆ 35 ಲಕ್ಷ ಟನ್.

ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ನಿಂತದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಭದ್ರಾ ಹುಟ್ಟುವ ಕಾಡು ಅದು. ಆದರೆ ಅಲ್ಲಿ ಕಲಿತ ವಿದ್ಯೆಯನ್ನು ನಮ್ಮ ಹುಡುಗರು ಮರೆಯಬಾರದು.

ಕೆಮ್ಮಣ್ಣುಗುಂಡಿ ಅದಿರು ಭದ್ರಾವತಿಗೆ ಹೋಗುತ್ತಿತ್ತಲ್ಲ, ಅದಕ್ಕೂ ಉಂಡೆ ಕಟ್ಟುತ್ತಿದ್ದರಾ?

ಅದು ಗಟ್ಟಿ ಅದಿರಿನ ಕಾಲ. ಬಾಬಾಬುಡನ್ ಬೆಟ್ಟದ ಅದಿರನ್ನು ಕೆಮ್ಮಣ್ಣುಗುಂಡಿಯಿಂದ ತೂಗುಹಗ್ಗದ ತೊಟ್ಟಿಗಳಲ್ಲಿ ಕೆಳಗಿನ ತಣಿಗೆಬೈಲಿಗೆ ಇಳಿಸಿ, ಅಲ್ಲಿಂದ ರೈಲಿನಲ್ಲಿ ಒಯ್ಯುತ್ತಿದ್ದರು. ಭದ್ರಾವತಿಯ ಬ್ಲಾಸ್ಟ್ ಫರ್ನೇಸ್ 1923ರಲ್ಲಿ ಶುರುವಾದಾಗ ಅದು ಉರಿದದ್ದು ಕೋಕ್‌ನಿಂದ ಅಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ. ಇದ್ದಿಲು ಕೋಕ್‌ನಷ್ಟು ಭಾರ ತಡೆಯುವುದಿಲ್ಲ, ಬೇಗ ಪುಡಿಯಾಗುತ್ತದೆ. ಇದ್ದಿಲಿನ ಪುಡಿಯ ಜೊತೆ ಅದಿರಿನ ಪುಡಿಯೂ ಸೇರಿದರೆ ಗಾಳಿ ನಿಂತೇ ಹೋಗುತ್ತದೆ. ಇದ್ದಿಲು ಬಳಸುವ ಯಾವುದೇ ಕುಲುಮೆಗೆ, ದೊಡ್ಡದಿರಲಿ ಸಣ್ಣದಿರಲಿ, ಜರಡಿ ಹಿಡಿದ ಅದಿರೇ ಬೇಕು ಅನ್ನುವುದು ಇದಕ್ಕೇ.

ಹಾಗಾದರೆ ಬೆಟ್ಟಕ್ಕೆ ಹೋಗಿ ಒಂದು ಚೀಲ ಅದಿರು ತರಬಹುದಾ?

ಬೇಡ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು, ಮೀಸಲು ಅರಣ್ಯ, ಎಲ್ಲೂ ಒಂದು ಕಲ್ಲು ಎತ್ತುವಂತಿಲ್ಲ. ಕಾಡಿನ ಹೊರಗೂ ಖನಿಜ ತೆಗೆಯಲು 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಅನುಮತಿ ಬೇಕು.

ಕಲಿಯುವುದಕ್ಕೆ ಬೇರೆ ದಾರಿ ಇದೆ. ರೋಲಿಂಗ್ ಮಿಲ್‌ನಲ್ಲಿ ಕಾದ ಕಬ್ಬಿಣದ ಮೇಲಿಂದ ಉದುರುವ ಪರೆ ಸಿಗುತ್ತದೆ. ಅದರಲ್ಲಿ ಶೇಕಡಾ 70ರ ಆಸುಪಾಸು ಕಬ್ಬಿಣ ಇರುತ್ತದೆ. ಕಮ್ಮಾರರ ಅಡಿಗಲ್ಲಿನ ಸುತ್ತ ಬಿದ್ದಿರುವುದೂ ಅದೇ. ಎಣ್ಣೆ ಹತ್ತಿದ್ದರೆ ಮೊದಲು ಸುಟ್ಟುಕೊಳ್ಳಿ. ಇಲ್ಲವಾದರೆ ಬಿಲ್ ಕೊಡುವ ವ್ಯಾಪಾರಿಯ ಹತ್ತಿರ ಅದಿರಿನ ಪುಡಿ ಕೊಳ್ಳಿ.

ನಮ್ಮ ಹತ್ತಿರ ಇರುವ ಪುಡಿಯಲ್ಲಿ ಕಲ್ಲು, ಮರಳು ಜಾಸ್ತಿ ಇದೆ. ಉಂಡೆ ಕಟ್ಟಿದರೆ ಸರಿ ಹೋಗುತ್ತಾ?

ಹೋಗುವುದಿಲ್ಲ. ಈ ಪ್ರಶ್ನೆಗೆ ಸ್ವಲ್ಪ ಲೆಕ್ಕ ಬೇಕು. ದಯವಿಟ್ಟು ಹಾರಿಸಿಕೊಂಡು ಓದಬೇಡಿ.

ಇದ್ದಿಲಿನ ಸಣ್ಣ ಕುಲುಮೆಯಲ್ಲಿ ಬಿಸಿ ಸುಮಾರು 1200 ಡಿಗ್ರಿ. ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಅಂದರೆ ಇಲ್ಲಿ ಕಬ್ಬಿಣ ಕರಗುವುದಿಲ್ಲ, ಕರಗಿ ಹರಿಯುವುದು ಕಿಟ್ಟ. ಆ ಕಿಟ್ಟ ಆಗುವುದು ಮರಳು ಮತ್ತು ಕಬ್ಬಿಣದ ಆಕ್ಸೈಡ್ ಸೇರಿ. 1 ಕೆ.ಜಿ. ಮರಳು ಕಿಟ್ಟವಾಗಿ ಹರಿದುಹೋಗಲು ಹೆಚ್ಚುಕಮ್ಮಿ 1.9 ಕೆ.ಜಿ. ಕಬ್ಬಿಣವನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ.

ಈಗ 100 ಕೆ.ಜಿ. ಮ್ಯಾಗ್ನಟೈಟ್ ಅದಿರು ತೆಗೆದುಕೊಳ್ಳಿ, ಶೇಕಡಾ 35 ಕಬ್ಬಿಣ ಇರುವಂಥದ್ದು. ಅದರಲ್ಲಿ ಸುಮಾರು 48 ಕೆ.ಜಿ. ಮ್ಯಾಗ್ನಟೈಟ್, ಉಳಿದ 52 ಕೆ.ಜಿ. ಬಹುಪಾಲು ಬಿಳಿಕಲ್ಲು, ಅಂದರೆ ಮರಳಿನ ಅಂಶವೇ. ಆ ಕಲ್ಲು ಕೇಳುವ ಕಬ್ಬಿಣ 90 ಕೆ.ಜಿ.ಗಿಂತ ಜಾಸ್ತಿ. ಇರುವುದೇ 35! ಎಷ್ಟು ಚಂದದ ಉಂಡೆ ಕಟ್ಟಿದರೂ ಕೈಗೆ ಬರುವುದು ಕಿಟ್ಟ ಮಾತ್ರ. ಶೇಕಡಾ 60 ಇದ್ದರೆ ಕಲ್ಲು 17 ಕೆ.ಜಿ., ಹೋಗುವ ಕಬ್ಬಿಣ 32, ಉಳಿಯುವುದು 28. ಶೇಕಡಾ 67 ಇದ್ದರೆ ಕಲ್ಲು 7 ಕೆ.ಜಿ. ಮಾತ್ರ, ಉಳಿಯುವುದು 50 ಕೆ.ಜಿ. ದಾಟುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಕುಲುಮೆಯಲ್ಲಿ ಇದಕ್ಕಿಂತ ಕಡಿಮೆಯೇ ಬರುತ್ತದೆ. ಆದರೆ ಎತ್ತ ಹೋಗಬೇಕು ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಮ್ಯಾಗ್ನಟೈಟ್ ಆಗಿದ್ದರೆ ಬೇರ್ಪಡಿಸುವುದು ಸುಲಭ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಕೆಟ್ ನೀರಿನಲ್ಲಿ ಪುಡಿಯನ್ನು ಕಲಕುತ್ತಾ ಆಡಿಸಿ. ಕಪ್ಪು ಪುಡಿ ಕವರಿಗೆ ಅಂಟುತ್ತದೆ. ಬೇರೆ ಪಾತ್ರೆಯ ಮೇಲೆ ಹಿಡಿದು ಕವರ್ ಕಳಚಿದರೆ ಪುಡಿ ಉದುರುತ್ತದೆ. ಕೆಂಪು ಅದಿರು, ಅಂದರೆ ಹೆಮಟೈಟ್, ಹೀಗೆ ಅಂಟುವುದಿಲ್ಲ. ಅದನ್ನು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಜಾಲಿಸಬೇಕು.

ಯಾವ ಅಂಟು ಒಳ್ಳೆಯದು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಕಾರ್ಖಾನೆಗಳಲ್ಲಿ ಹಳೆಯ, ನಂಬಿಕೆಯ ಜೋಡಿ ಅಂದರೆ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಮತ್ತು ಅರಳಿದ ಸುಣ್ಣ. ಸಕ್ಕರೆ ಅಂಶ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಇನ್ನಷ್ಟು ಬಿಗಿಯಾಗುತ್ತದೆ. ಚನ್ನರಾಯಪಟ್ಟಣದ ಕಡೆ ಸಕ್ಕರೆ ಕಾರ್ಖಾನೆ ಇದೆ, ಅಲ್ಲಿ ಕಾಕಂಬಿ ಸಿಗಲ್ವಾ ಅಂತ ಕೇಳುತ್ತಾರೆ. ಕಾಕಂಬಿ ಮೇಲೆ ಅಬಕಾರಿ ಇಲಾಖೆಯ ಹಿಡಿತ ಇದೆ. ಸುಮ್ನೆ ಕ್ಯಾನ್ ಹಿಡಿದು ಹೋಗಿ ತರುವ ವಸ್ತು ಅಲ್ಲ. ಪ್ರಯೋಗಕ್ಕೆ ಜೋನಿ ಬೆಲ್ಲ ಸಾಕು. ಮಲೆನಾಡಿನ ಯಾವ ಸಂತೆಯಲ್ಲೂ ಸಿಗುತ್ತದೆ.

ಜೋನಿ ಬೆಲ್ಲದ ಒಂದು ಗುಣ, ಒಂದು ದೋಷ. ಗುಣ ಏನೆಂದರೆ ಮರಳಿನ ಅಂಶ ಸೇರಿಸುವುದಿಲ್ಲ. ಉರಿದು ಹೋಗುವಾಗ ಉಂಡೆಯೊಳಗೆ ಸಣ್ಣ ಸಣ್ಣ ರಂಧ್ರ ಬಿಟ್ಟು ಹೋಗುತ್ತದೆ, ಅನಿಲ ಒಳಗೆ ನುಗ್ಗಲು ಅದು ಒಳ್ಳೆಯದೇ. ದೋಷ ಏನೆಂದರೆ ಅದು 300–400 ಡಿಗ್ರಿಗೇ ಸುಟ್ಟು ಹೋಗುತ್ತದೆ. ಉಂಡೆಯಲ್ಲಿ ಕಬ್ಬಿಣದ ಕಣಗಳು ತಾವೇ ಒಂದಕ್ಕೊಂದು ಬೆಸೆದುಕೊಳ್ಳುವುದು ಕೆಂಡದ ಬಿಸಿ ಬಂದ ಮೇಲೆ. ಈ ಎರಡರ ನಡುವೆ ಉಂಡೆಯನ್ನು ಹಿಡಿದಿಡುವವರು ಯಾರು? ಹೆಮಟೈಟ್ ಆದರೆ ಇನ್ನೊಂದು ಕಷ್ಟ. ಅದು 500–600 ಡಿಗ್ರಿಯಲ್ಲಿ ಮ್ಯಾಗ್ನಟೈಟ್ ಆಗಿ ಬದಲಾಗುವಾಗ ಸುಮಾರು ಕಾಲು ಪಾಲಿನಷ್ಟು ಊದಿಕೊಳ್ಳುತ್ತದೆ. ಒಳಗಿಂದೊಳಗೆ ಬಿರುಕು ಬಿಡುತ್ತದೆ. ಕೈಯಲ್ಲಿ ಕಲ್ಲಿನಂತೆ ಇದ್ದ ಉಂಡೆ ಕುಲುಮೆಯ ಅರ್ಧ ದಾರಿಯಲ್ಲಿ ಮತ್ತೆ ಪುಡಿಯಾಗುವುದು ಹೀಗೆ. ಸುಣ್ಣ ಬೆರೆಸುವುದು ಈ ನಡುವಿನ ದಾರಿಗೆ ಸ್ವಲ್ಪ ಆಸರೆ. ಸ್ವಲ್ಪ ಜೇಡಿಮಣ್ಣೂ ಆಸರೆಯೇ, ಆದರೆ ಮೇಲಿನ ಮರಳಿನ ಲೆಕ್ಕ ನೆನಪಿರಲಿ.

ಹುತ್ತದ ಮಣ್ಣು, ಸಗಣಿ, ಸಿಮೆಂಟ್, ಗಂಜಿ ಆಗಲ್ವಾ?

ಹುತ್ತದ ಮಣ್ಣು ಕುಲುಮೆಯ ಗೋಡೆಗೆ ಬಹಳ ಒಳ್ಳೆಯದು. ಉಂಡೆಗೆ ಮಿತಿಯಲ್ಲಿ ಹಾಕಿ. ಮಣ್ಣಿನ ಅರ್ಧಕ್ಕಿಂತ ಹೆಚ್ಚು ಭಾಗ ಮರಳಿನ ಅಂಶ. 100 ಕೆ.ಜಿ. ಅದಿರಿಗೆ 10 ಕೆ.ಜಿ. ಮಣ್ಣು ಹಾಕಿದರೆ ಹತ್ತು ಹನ್ನೊಂದು ಕೆ.ಜಿ. ಕಬ್ಬಿಣ ಕಿಟ್ಟಕ್ಕೆ ದಾನ ಮಾಡಿದಂತೆ. ಶೇಕಡಾ 2 ದಾಟಬೇಡಿ.

ಸಗಣಿ ಅಂಟುತ್ತದೆ, ಚೆನ್ನಾಗಿ ಒಣಗುತ್ತದೆ. ಆದರೆ ಅದರಲ್ಲಿ ರಂಜಕ ಇರುತ್ತದೆ. ಅದು ಕಬ್ಬಿಣಕ್ಕೆ ಸೇರಿದರೆ ತಣ್ಣಗಿದ್ದಾಗ ಬಡಿದರೆ ಬಿರಿಯುವ ಕಬ್ಬಿಣ ಬರುತ್ತದೆ. ಬ್ಲಾಸ್ಟ್ ಫರ್ನೇಸ್‌ನಲ್ಲಂತೂ ರಂಜಕ ಪೂರ್ತಿ ಎಂಬಷ್ಟು ಕಬ್ಬಿಣಕ್ಕೇ ಹೋಗುತ್ತದೆ. ನಾನಂತೂ ಸಗಣಿಯನ್ನು ಗೋಡೆ ಸಾರಿಸಲು ಮಾತ್ರ ಬಳಸಿ ಅನ್ನುತ್ತೇನೆ.

ಸಿಮೆಂಟ್ ಬ್ರಿಕೆಟ್ ಸ್ವೀಡನ್ನಿನ ಕೆಲವು ಉಕ್ಕು ಕಾರ್ಖಾನೆಗಳಲ್ಲಿ ನಿಜವಾಗಿ ಬಳಕೆಯಲ್ಲಿದೆ, ಕಾರ್ಖಾನೆಯ ಧೂಳು ಮತ್ತು ಪರೆಯನ್ನು ವಾಪಸ್ ಬ್ಲಾಸ್ಟ್ ಫರ್ನೇಸ್‌ಗೆ ಹಾಕಲು. ಒತ್ತುವ ಯಂತ್ರ ಸರಳ, ಕಾಂಕ್ರೀಟ್ ಇಟ್ಟಿಗೆ ಮಾಡುವಂಥದ್ದೇ ಸಾಕು. ಆದರೆ ಸಿಮೆಂಟಿನಲ್ಲಿ ಜಿಪ್ಸಮ್ ಇರುವುದರಿಂದ ಗಂಧಕ ಬರುತ್ತದೆ. ದಿನಗಟ್ಟಲೆ ನೀರುಣಿಸಿ ಕಾಯಬೇಕು. ಬಿಸಿಯಲ್ಲಿ ಅದರ ಹಿಡಿತವೂ ಬಿಡುತ್ತದೆ. ಇದ್ದಿಲಿನ ಸಣ್ಣ ಕುಲುಮೆಗೆ ನಾನು ಹೇಳುವುದಿಲ್ಲ.

ಗಂಜಿ ಒಳ್ಳೆಯದು. ರಾಗಿ ಗಂಜಿಯಾಗಲಿ, ಮರಗೆಣಸಿನ ಹಿಟ್ಟಿನ ಗಂಜಿಯಾಗಲಿ, ಶೇಕಡಾ 1–2 ಒಣ ಹಿಟ್ಟು ಲೆಕ್ಕದಲ್ಲಿ ಹಾಕಿದರೆ ಸಾಕು. ತಣ್ಣಗಿದ್ದಾಗ ಗಟ್ಟಿ, ಬಿಸಿಯಲ್ಲಿ ಬೆಲ್ಲದ ಕಥೆಯೇ. ಉಪ್ಪು ಮಾತ್ರ ಹಾಕಲೇಬೇಡಿ.

ಮನೆಯಲ್ಲೋ ಕಾಲೇಜಿನಲ್ಲೋ ಒಂದಿಷ್ಟು ಉಂಡೆ ಮಾಡಿ ನೋಡುವುದು ಹೇಗೆ?

1 ಕೆ.ಜಿ. ಒಣ ಅದಿರಿನ ಪುಡಿ, 25 ಗ್ರಾಂ ಅರಳಿದ ಸುಣ್ಣದ ಪುಡಿ, 60 ಗ್ರಾಂ ಜೋನಿ ಬೆಲ್ಲ, ಸ್ವಲ್ಪ ನೀರು. ಮೊದಲು ಅದಿರು ಮತ್ತು ಸುಣ್ಣವನ್ನು ಒಣದಾಗಿಯೇ ಬೆರೆಸಿ, ಬಿಳಿ ಗೆರೆ ಎಲ್ಲೂ ಕಾಣಬಾರದು. ಬೆಲ್ಲವನ್ನು ಬಿಸಿನೀರಿನಲ್ಲಿ ತೆಳ್ಳಗೆ ಮಾಡಿ ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ ಕೈಯಲ್ಲಿ ಉಜ್ಜಿ. ಸುಣ್ಣ ಇರುವುದರಿಂದ ರಬ್ಬರ್ ಗ್ಲೌಸ್ ಬೇಕು, ಕಣ್ಣಿಗೆ ಕನ್ನಡಕ ಬೇಕು.

ನೀರು ಎಷ್ಟು ಅನ್ನುವುದನ್ನು ಅಳತೆ ಲೋಟಕ್ಕಿಂತ ಮುಷ್ಟಿ ಚೆನ್ನಾಗಿ ಹೇಳುತ್ತದೆ. ಒಂದು ಹಿಡಿ ತೆಗೆದು ಬಿಗಿಯಾಗಿ ಒತ್ತಿ. ಮುಷ್ಟಿ ಬಿಚ್ಚಿದಾಗ ಬೆರಳಿನ ಗುರುತು ಉಂಡೆಯ ಮೇಲೆ ನಿಲ್ಲಬೇಕು. ಅದನ್ನು ಮುರಿದರೆ ಎರಡೇ ತುಂಡಾಗಬೇಕು. ಉದುರಿದರೆ ನೀರು ಸಾಲದು, ಗ್ಲೌಸ್ ಮೇಲೆ ಕಪ್ಪು ನೀರು ಹತ್ತಿದರೆ ಜಾಸ್ತಿ ಆಗಿದೆ. ಕಲಸಿದ್ದನ್ನು ಒದ್ದೆ ಗೋಣಿ ಮುಚ್ಚಿ ಅರ್ಧ ಗಂಟೆ ಬಿಡಿ.

ಒತ್ತಲು ಎರಡು ದಾರಿ. ಒಂದು, 50 ಮಿ.ಮೀ. ಒಳವ್ಯಾಸದ ದಪ್ಪ ಕಬ್ಬಿಣದ ಪೈಪ್ ತುಂಡು, ಅದರೊಳಗೆ ಸರಿಯಾಗಿ ಕೂತು ಮೇಲಿನಿಂದ ಒತ್ತುವ ದುಂಡನೆಯ ಕಬ್ಬಿಣದ ತುಂಡು, ಗಟ್ಟಿ ಚೌಕಟ್ಟಿನೊಳಗೆ ಲಾರಿಯ 10 ಟನ್ ಜಾಕಿ. ಪೂರ್ತಿ ಒತ್ತಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 500 ಕೆ.ಜಿ. ಒತ್ತಡ. ಬಿಲ್ಲೆ ಬರುತ್ತದೆ. ಅದನ್ನು ಹಸಿಯಿದ್ದಾಗಲೇ ಚಾಕುವಿನಿಂದ ಗೀರಿ ಇಟ್ಟರೆ ಒಣಗಿದ ಮೇಲೆ ಸಣ್ಣದಾಗಿ ಮುರಿಯಬಹುದು.

ಎರಡನೆಯದು ನನಗೆ ಹೆಚ್ಚು ಇಷ್ಟ. ಚಕ್ಕುಲಿ ಒರಳು! ಅಚ್ಚಿನ ತೂತನ್ನು ಕಿರುಬೆರಳು ಹೋಗುವಷ್ಟು ದೊಡ್ಡದು ಮಾಡಿಸಿ, ಗಂಜಿ ಸೇರಿಸಿ ಸ್ವಲ್ಪ ಮೆತ್ತಗೆ ಕಲಸಿ ಒತ್ತಿದರೆ ಉದ್ದುದ್ದ ಎಳೆ ಬರುತ್ತದೆ. ಅದನ್ನು 2 ಸೆಂ.ಮೀ. ತುಂಡು ಮಾಡಿ ತಗಡಿನ ಮೇಲೆ ಹರಡಿ. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನೇ ಯಂತ್ರದಲ್ಲಿ, ಒಳಗಿನ ಗಾಳಿಯನ್ನು ಹೀರಿ ತೆಗೆದು ಮಾಡುತ್ತಾರೆ. ಅದಿರು ಅರದಂತೆ ತಿಕ್ಕುತ್ತದೆ, ಒರಳು ಸವೆಯುತ್ತದೆ. ಅಡುಗೆಮನೆಯದನ್ನು ಮುಟ್ಟಬೇಡಿ, ಇದಕ್ಕೆ ಅಂತಲೇ ಒಂದು ತನ್ನಿ.

ಒಂದು ದಿನ ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ, ಕೊನೆಗೆ 110–150 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ. ನೇರ ಬಿಸಿಲಿಗೆ ಇಟ್ಟರೆ ಮೇಲೆ ಒಣಗಿ ಒಳಗೆ ಹಸಿಯಿದ್ದು ಸೀಳುತ್ತದೆ.

ಉಂಡೆ ಎಷ್ಟು ದೊಡ್ಡದಿರಬೇಕು?

25–30 ಸೆಂ.ಮೀ. ಒಳವ್ಯಾಸದ ಕುಲುಮೆಗೆ ಅಡಿಕೆ ಗಾತ್ರ, ಅದಕ್ಕಿಂತ ದೊಡ್ಡದು ಬೇಡ. ಸಣ್ಣ ಕುಲುಮೆಯಲ್ಲಿ ಅದಿರು ಬಾಯಿಂದ ತಳಕ್ಕೆ ಇಳಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಅಷ್ಟರೊಳಗೆ ಅನಿಲ ನಡುಮಧ್ಯದವರೆಗೆ ತಲುಪಬೇಕು.

ಜಾಸ್ತಿ ಒತ್ತಿದಷ್ಟೂ ಒಳ್ಳೆಯದಲ್ವಾ?

ಅಲ್ಲ. ಸಂದೇ ಇಲ್ಲದಂತೆ ಒತ್ತಿದ ಉಂಡೆಯ ಸಿಪ್ಪೆ ಮಾತ್ರ ಕಬ್ಬಿಣವಾಗುತ್ತದೆ, ತಿರುಳು ಅದಿರಾಗಿಯೇ ತಳ ಸೇರಿ ಕಿಟ್ಟಕ್ಕೆ ಹೋಗುತ್ತದೆ. ಎತ್ತಿ ಹಾಕಿದರೆ ಒಡೆಯದಷ್ಟು ಗಟ್ಟಿ ಸಾಕು.

ಉಂಡೆ ಸರಿಯಾಗಿದೆ ಅಂತ ತಿಳಿಯುವುದು ಹೇಗೆ?

ತಣ್ಣಗಿನ ಪರೀಕ್ಷೆ: ಎರಡು ಮೀಟರ್ ಎತ್ತರದಿಂದ ಕಬ್ಬಿಣದ ತಗಡಿನ ಮೇಲೆ ನಾಲ್ಕೈದು ಸಲ ಬೀಳಿಸಿ, 5 ಮಿ.ಮೀ. ಜರಡಿಯಲ್ಲಿ ಹಿಡಿಯಿರಿ. ಕೆಳಗೆ ಬಿದ್ದ ಪುಡಿಯನ್ನು ತೂಗಿ. ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೆ ಸಣ್ಣ ಕುಲುಮೆಗೆ ಧಾರಾಳ.

ಬಿಸಿ ಪರೀಕ್ಷೆಯೇ ನಿಜವಾದ ಪರೀಕ್ಷೆ, ಆದರೆ ಅದನ್ನು ಯಾರೂ ಮಾಡುವುದಿಲ್ಲ. ಒಂದು ಕಡೆ ಮುಚ್ಚಿದ ಕಬ್ಬಿಣದ ಪೈಪ್ ತುಂಡಿನಲ್ಲಿ ನಾಲ್ಕೈದು ಉಂಡೆಯನ್ನು ಇದ್ದಿಲಿನ ಪುಡಿಯ ನಡುವೆ ಹೂತು, ಬಾಯಿಗೆ ಸಡಿಲವಾಗಿ ಮಣ್ಣು ಮೆತ್ತಿ. ಬಿಗಿಯಾಗಿ ಮುಚ್ಚಬೇಡಿ, ಅನಿಲ ಹೊರಗೆ ಹೋಗಲು ದಾರಿ ಬೇಕು. ಬಯಲಿನಲ್ಲಿ, ಕುಲುಮೆಯ ಕೆಂಡದಲ್ಲಿ ಚೆನ್ನಾಗಿ ಕೆಂಪಗೆ ಒಂದು ಗಂಟೆ ಇಟ್ಟು, ಪೂರ್ತಿ ಆರಿದ ಮೇಲೆ ತೆಗೆಯಿರಿ. ಉಂಡೆ ಆಕಾರ ಉಳಿಸಿಕೊಂಡಿದೆಯಾ? ಅರ ಹಾಕಿ ಉಜ್ಜಿದರೆ ಲೋಹದ ಹೊಳಪು ಕಾಣುತ್ತದಾ? ಮುರಿದರೆ ತಿರುಳಿನ ಬಣ್ಣ ಸಿಪ್ಪೆಯಂತೆಯೇ ಬೂದು ಇದೆಯಾ? ಇವು ಹೌದಾದರೆ ನಿಮ್ಮ ಅಂಟು, ಒತ್ತಡ, ಗಾತ್ರ ಎಲ್ಲ ಸರಿ ಇದೆ. ಪುಡಿಯಾಗಿದ್ದರೆ ಕುಲುಮೆ ಹಚ್ಚಿ ಒಂದು ಚೀಲ ಇದ್ದಿಲು ಸುಡುವ ಮೊದಲೇ ಗೊತ್ತಾಯಿತಲ್ಲ.

ಮಳೆಗಾಲದಲ್ಲಿ ಮಾಡಬಹುದಾ?

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಳೆಯಲ್ಲಿ ಬೆಲ್ಲದ ಉಂಡೆ ಒಣಗುವುದಿಲ್ಲ. ಒಣಗಿದ್ದೂ ತೇವ ಹೀರಿ ಮೆತ್ತಗಾಗುತ್ತದೆ. ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮಾಡಿಟ್ಟದ್ದನ್ನು ಕಾಫಿ ಬೀಜಕ್ಕೆ ಬಳಸುವಂಥ ಗಟ್ಟಿ ಪ್ಲಾಸ್ಟಿಕ್ ಒಳಚೀಲದಲ್ಲಿ ಬಾಯಿ ಕಟ್ಟಿ, ಹಲಗೆಯ ಮೇಲೆ ಇಡಿ.

ಉಂಡೆಯೊಳಗೇ ಇದ್ದಿಲು ಪುಡಿ ಸೇರಿಸಿದರೆ? ಕಾಫಿ ಹೊಟ್ಟು?

ಇದ್ದಿಲು ಪುಡಿ ಒಳ್ಳೆಯ ಯೋಚನೆ. ಅದಿರು, ಇದ್ದಿಲು ಪಕ್ಕಪಕ್ಕದಲ್ಲೇ ಇರುವುದರಿಂದ ಆಮ್ಲಜನಕ ಬೇಗ ಹೋಗುತ್ತದೆ. ಜಪಾನ್ ಮತ್ತು ಅಮೆರಿಕದಲ್ಲಿ ಅದಿರು–ಕಲ್ಲಿದ್ದಲು ಬೆರೆಸಿದ ಗೋಲಿಗಳನ್ನು ತಿರುಗುವ ತಳದ ಕುಲುಮೆಯಲ್ಲಿ ಕೆಲವೇ ನಿಮಿಷಗಳಲ್ಲಿ ಕಬ್ಬಿಣ ಮಾಡುವ ವಿಧಾನ ಬೆಳೆಸಿದ್ದಾರೆ. ಶುದ್ಧ ಹೆಮಟೈಟ್ 100 ಕೆ.ಜಿ.ಗೆ ಗರಿಷ್ಠ 22.5 ಕೆ.ಜಿ. ಇಂಗಾಲ ಬೇಕು, ಮ್ಯಾಗ್ನಟೈಟ್‌ಗೆ 20.7. ಸುತ್ತಲೂ ಇದ್ದಿಲು ಉರಿಯುವ ಕುಲುಮೆಯಲ್ಲಿ ಅಷ್ಟು ಬೇಡ, ಶೇಕಡಾ 10ರ ಒಳಗೆ ಸಾಕು. ಇದ್ದಿಲು ಪುಡಿ ಹೆಚ್ಚಾದಷ್ಟೂ ಉಂಡೆ ಸಡಿಲ.

ಕಾಫಿ ಹೊಟ್ಟನ್ನು ಹಸಿಯಾಗಿ ಸೇರಿಸಬೇಡಿ. ಹೊಗೆ, ತೇವ ಬಿಟ್ಟುಕೊಂಡು ಉಂಡೆಯನ್ನು ಒಡೆಯುತ್ತದೆ. ಸುಟ್ಟು ಇದ್ದಿಲು ಮಾಡಿ, ಪುಡಿ ಮಾಡಿ ಸೇರಿಸಬಹುದು. ಅದರ ಬೂದಿಯಲ್ಲಿ ಪೊಟ್ಯಾಷ್ ಜಾಸ್ತಿ. ಬ್ಲಾಸ್ಟ್ ಫರ್ನೇಸ್‌ನವರಿಗೆ ಪೊಟ್ಯಾಷ್ ಅಂದರೆ ಆಗದು, ಒಳಗೇ ಸುತ್ತುತ್ತಾ ಗೋಡೆಯನ್ನೂ ಕೋಕನ್ನೂ ತಿನ್ನುತ್ತದೆ. ಒಂದು ದಿನದ ಮಣ್ಣಿನ ಕುಲುಮೆಗೆ ಆ ಭಯ ಇಲ್ಲ.

ನಮ್ಮ ಫೌಂಡ್ರಿಯಲ್ಲಿ ಇಂಡಕ್ಷನ್ ಫರ್ನೇಸ್ ಇದೆ. ಸ್ಕ್ರ್ಯಾಪ್ ಬದಲು ಅದಿರಿನ ಬ್ರಿಕೆಟ್ ಹಾಕಬಹುದಾ?

ಬೇಡವೇ ಬೇಡ. ಇಂಡಕ್ಷನ್ ಫರ್ನೇಸ್ ಇರುವುದು ಲೋಹ ಕರಗಿಸಲು, ಅದಿರಿನಿಂದ ಆಮ್ಲಜನಕ ತೆಗೆಯಲು ಅಲ್ಲ. ಕಬ್ಬಿಣದ ಆಕ್ಸೈಡ್ ಒಳಗಿನ ಸಿಲಿಕಾ ಲೈನಿಂಗನ್ನು ತಿನ್ನುತ್ತದೆ. ಕರಗಿದ ಬೀಡು ಕಬ್ಬಿಣದಲ್ಲಿರುವ ಇಂಗಾಲದ ಜೊತೆ ಸೇರಿ ಉಕ್ಕಿ ಬರುತ್ತದೆ. ಉಂಡೆಯೊಳಗೆ ಸ್ವಲ್ಪ ತೇವ ಇದ್ದರಂತೂ ಕರಗಿದ ಲೋಹದೊಳಗೆ ಆವಿ ಸಿಡಿದು ಜೀವಕ್ಕೇ ಅಪಾಯ.

ನಿಮಗೆ ಉಪಯೋಗಕ್ಕೆ ಬರುವುದು ಲೇತ್ ಚೂರಿನ ಬ್ರಿಕೆಟ್. ಬೀಡು ಕಬ್ಬಿಣದ ಚೂರನ್ನು ಎಣ್ಣೆ, ನೀರು ತೆಗೆದು ಅಂಟಿಲ್ಲದೆ ಒತ್ತಿದ ಬಿಲ್ಲೆ. ಅದು ಆಗಲೇ ಲೋಹ. ಸಡಿಲ ಚೂರು ಹಾಕಿದರೆ ಆಗುವ ನಷ್ಟ ಇದರಲ್ಲಿ ಕಡಿಮೆ.

ಎಚ್‌ಬಿಐ (ಹಾಟ್ ಬ್ರಿಕೆಟೆಡ್ ಐರನ್) ಅಂತ ಕೇಳಿದ್ದೇವೆ. ಅದೂ ಬ್ರಿಕೆಟ್ಟೇ ಅಲ್ವಾ?

ಹೆಸರು ಮಾತ್ರ. ಅದು ಅದಿರಲ್ಲ, ಆಮ್ಲಜನಕ ತೆಗೆದ ಸ್ಪಂಜ್ ಕಬ್ಬಿಣವನ್ನು 650 ಡಿಗ್ರಿಗಿಂತ ಬಿಸಿಯಿದ್ದಾಗಲೇ ಒತ್ತಿದ್ದು. ಸ್ಪಂಜ್ ಕಬ್ಬಿಣ ತೇವ ತಾಗಿದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಸ್ವಭಾವದ್ದು. ಒತ್ತಿದ ಮೇಲೆ ಹಡಗಿನಲ್ಲಿ ಸಾಗಿಸುವಷ್ಟು ಸುರಕ್ಷಿತ.

ಹಾಸನ ಜಿಲ್ಲೆಯಲ್ಲಿ ಇದಕ್ಕೆ ಸಂಬಂಧಿಸಿದ್ದು ಏನಿದೆ?

ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿ ಸುತ್ತಿನ ಶಿಲೆಗಳ ಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರು, ಹೆಸರುವಾಸಿ. ಕ್ರೋಮೈಟ್ ಒಡೆದರೆ ಪುಡಿ ಬಹಳ ಬೀಳುತ್ತದೆ. ಫೆರೋಕ್ರೋಮ್ (ಕಬ್ಬಿಣ–ಕ್ರೋಮಿಯಂ ಮಿಶ್ರಲೋಹ) ತೆಗೆಯುವ ವಿದ್ಯುತ್ ಕುಲುಮೆಗೆ ಆ ಪುಡಿಯನ್ನು ಹಾಗೇ ಹಾಕಿದರೆ ಅನಿಲ ಒಳಗೆ ಸಿಕ್ಕಿಕೊಂಡು ಒಮ್ಮೆಲೇ ಸಿಡಿಯುತ್ತದೆ. ಹಾಗಾಗಿ ಕಾಕಂಬಿ–ಸುಣ್ಣದ ಬ್ರಿಕೆಟ್ ಅತಿ ಹೆಚ್ಚು ಬಳಕೆಯಾಗುವ ಕಡೆಗಳಲ್ಲಿ ಫೆರೋಕ್ರೋಮ್ ಉದ್ಯಮವೂ ಒಂದು. ಇದ್ದಿಲಿನ ಮಣ್ಣಿನ ಕುಲುಮೆಯಲ್ಲಿ ಕ್ರೋಮಿಯಂ ಬರುವುದಿಲ್ಲ, ಆ ಪ್ರಯತ್ನ ಬೇಡ.

ಅದೇ ಪಟ್ಟಿಯ ತಗಡೂರಿನ ಸುತ್ತ ಟೈಟಾನಿಯಂ, ವನೇಡಿಯಂ ಬೆರೆತ ಮ್ಯಾಗ್ನಟೈಟ್ ಇದೆ. ಟೈಟಾನಿಯಂ ಜಾಸ್ತಿಯಿದ್ದರೆ ಬ್ಲಾಸ್ಟ್ ಫರ್ನೇಸಿನ ಕಿಟ್ಟ ದಪ್ಪಗಾಗಿ ಹರಿಯುವುದಿಲ್ಲ. ಅಯಸ್ಕಾಂತಕ್ಕೆ ಅಂಟಿತು ಅಂದಮಾತ್ರಕ್ಕೆ ಅದು ಒಳ್ಳೆಯ ಅದಿರು ಅಂದುಕೊಳ್ಳಬೇಡಿ.

ದೊಡ್ಡ ಕಂಪನಿಗಳು ಈಗ ಮತ್ತೆ ಬ್ರಿಕೆಟ್ ಕಡೆ ತಿರುಗಿವೆ ಅಂತಾರೆ. ಯಾಕೆ?

ಸುಡುವ ಖರ್ಚು ಮತ್ತು ಹೊಗೆ. ಪೆಲೆಟ್, ಸಿಂಟರ್ ಎರಡಕ್ಕೂ 1200 ಡಿಗ್ರಿ ದಾಟಿದ ಬೆಂಕಿ ಬೇಕು. ಬ್ರೆಜಿಲ್ಲಿನ ವಾಲೆ ಕಂಪನಿ 2021ರಲ್ಲಿ ಘೋಷಿಸಿದ ಬ್ರಿಕೆಟ್‌ಗೆ 200–250 ಡಿಗ್ರಿಯ ಬಿಸಿ ಸಾಕು. ಇದು ನಮ್ಮ ಎಳೆಯರು ಕೈಹಾಕಬೇಕಾದ ಕೆಲಸ ಅಂತ ನನಗೆ ಬಲವಾಗಿ ಅನಿಸುತ್ತದೆ. ಕಡಿಮೆ ಬಿಸಿಯಲ್ಲಿ ಗಟ್ಟಿಯಾಗಿ, ಕುಲುಮೆಯ ಬಿಸಿಯಲ್ಲೂ ಬಿಡದ ಅಂಟು ಹುಡುಕುವುದಕ್ಕೆ ದೊಡ್ಡ ಕಾರ್ಖಾನೆ ಬೇಡ. ಒಂದು ಓವನ್, ಒಂದು ಜಾಕಿ, ಮೇಲೆ ಹೇಳಿದ ಬಿಸಿ ಪರೀಕ್ಷೆ ಇದ್ದರೆ ಕಾಲೇಜಿನಲ್ಲೇ ಶುರು ಮಾಡಬಹುದು.

ಮಣ್ಣಿನ ಕುಲುಮೆಗೆ ಉಂಡೆ ಬೇಕೇ ಬೇಕಾ?

ಯಾವಾಗಲೂ ಬೇಡ. ಜಪಾನಿನ ತತಾರಾ ಕುಲುಮೆಗೆ ಕಬ್ಬಿಣದ ಮರಳನ್ನು ಉಂಡೆ ಕಟ್ಟದೆಯೇ ಹಾಕುತ್ತಾರೆ. ದಕ್ಷಿಣ ಭಾರತದ ಹಳೆಯ ಕುಲುಮೆಗಳಲ್ಲೂ ಕರಿಮರಳನ್ನು ಒದ್ದೆ ಮಾಡಿ ಇದ್ದಿಲಿನ ಮೇಲೆ ಹಾಕುತ್ತಿದ್ದರು. ತೇವ ಇರುವುದರಿಂದ ಮರಳು ಇದ್ದಿಲಿಗೆ ಅಂಟಿ ನಿಲ್ಲುತ್ತದೆ, ಸರಕ್ಕನೆ ತಳಕ್ಕೆ ಜಾರುವುದಿಲ್ಲ. ನಿಮ್ಮ ಪುಡಿ ರವೆಯಷ್ಟು ದಪ್ಪ ಇದ್ದರೆ ಮೊದಲು ಇದನ್ನೇ ಮಾಡಿ: ಪ್ರತಿ ಸಲ ಒಂದೇ ಹಿಡಿ, ಬಾಯಿಯ ತುಂಬ ಹರಡಿದಂತೆ, ಮೇಲೆ ಇದ್ದಿಲು. ಮೈದಾದಷ್ಟು ನುಣ್ಣಗಿದ್ದರೆ ಉಂಡೆ ಕಟ್ಟಿ.

ಜಾಗ್ರತೆಯ ಮಾತು?

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುಲುಮೆ ಬಯಲಿನಲ್ಲೇ ಇರಲಿ, ಶೆಡ್ಡಿನೊಳಗೆ ಬೇಡ. ತಲೆ ಭಾರ ಅನಿಸಿದರೆ ತಕ್ಷಣ ದೂರ ಹೋಗಿ, ಜೊತೆಯಲ್ಲಿದ್ದವರನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಇದ್ದಾಗ ಕುಲುಮೆ ಹಚ್ಚಬೇಡಿ. ಅದಿರು ಅರೆಯುವಾಗ, ಜರಡಿ ಹಿಡಿಯುವಾಗ ಮಾಸ್ಕ್ ಹಾಕಿ. ಬಿಳಿಕಲ್ಲಿನ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ.

ಉಂಡೆ ಚೆನ್ನಾಗಿಯೇ ಇತ್ತು, ಆದರೂ ಕಬ್ಬಿಣ ಬರಲಿಲ್ಲ. ಯಾಕೆ?

ಕಿಟ್ಟವನ್ನು ಒಡೆದು ನೋಡಿ, ಅದು ಹೇಳುತ್ತದೆ. ಕಪ್ಪಗೆ, ಭಾರವಾಗಿ, ಅಯಸ್ಕಾಂತಕ್ಕೆ ಜೋರಾಗಿ ಅಂಟುವಂತಿದ್ದರೆ ಅದಿರು ಬೇಗ ಇಳಿದುಬಿಟ್ಟಿದೆ. ಇದ್ದಿಲು ಜಾಸ್ತಿ ಮಾಡಿ, ಅದಿರಿನ ಹಿಡಿ ಸಣ್ಣದು ಮಾಡಿ. ಮೊದಲ ಸಲಕ್ಕೆ ಅದಿರಿನ ತೂಕಕ್ಕಿಂತ ಇದ್ದಿಲಿನ ತೂಕ ಹೆಚ್ಚಿರಲಿ, ಅದಿರು ಹಾಕುವ ಮೊದಲು ಕುಲುಮೆ ಕಾಯಿಸಲು ಉರಿಸಿದ ಇದ್ದಿಲು ಬೇರೆ ಲೆಕ್ಕ. ಗಾಜಿನಂತೆ ಹಸಿರು ಛಾಯೆಯಲ್ಲಿ, ಹಗುರವಾಗಿದ್ದರೆ ಕುಲುಮೆಯ ಗೋಡೆ ಕರಗಿ ಸೇರಿದೆ ಅಥವಾ ಬಿಸಿ ಮಿತಿಮೀರಿದೆ, ಗಾಳಿ ಕಮ್ಮಿ ಮಾಡಿ. ಕಿಟ್ಟದೊಳಗೆ ಉಂಡೆಗಳು ತಮ್ಮ ಆಕಾರದಲ್ಲೇ ಸಿಕ್ಕಿಕೊಂಡಿದ್ದರೆ ಒಂದನ್ನು ಮುರಿದು ತಿರುಳು ನೋಡಿ. ತಿರುಳು ಕೆಂಪಗೋ ಕಪ್ಪಗೋ ಹಾಗೇ ಉಳಿದಿದ್ದರೆ ಗಾತ್ರ ದೊಡ್ಡದಾಗಿದೆ ಅಥವಾ ಒತ್ತಡ ಜಾಸ್ತಿಯಾಗಿದೆ. ಆ ಕಿಟ್ಟವನ್ನು ಎಸೆಯಬೇಡಿ. ಕುಟ್ಟಿ, ಅಯಸ್ಕಾಂತಕ್ಕೆ ಅಂಟಿದ ಭಾಗವನ್ನು ಮುಂದಿನ ಸಲದ ಅದಿರಿಗೆ ಬೆರೆಸಿಕೊಳ್ಳಿ.